ಮುದ್ದೇಬಿಹಾಳದಿಂದ ವಿಜಾಪುರಕ್ಕೆ, ಕಮಾನು ಪಟ್ಟಿಗಳ ಮೇಲೆ

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಮುದ್ದೇಬಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಮಂಚ ಹಾಕಿ ನನ್ನನ್ನು ಮಲಗಿಸಿದ್ದರು. ಎಡಕ್ಕೆ ಹೊರಳಿದರೆ ಗೋಡೆ, ಬಲಕ್ಕೆ ಹೊರಳಿದರೆ ಕಿಟಕಿ. ಕಿಟಕಿಯಾಚೆ ಅಂಗಳ, ಅದರ ತುದಿಗೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ದಪ್ಪ ತಾಡಪತ್ರಿ ಬಟ್ಟೆ ಹೊದ್ದು ನಿಂತ ಮಾವನವರ ಹಳೆಯ ಕಾರು. ನನಗಾಗ ಆರು ತಿಂಗಳ ಬಸುರು. ನಾಲ್ಕು ದಿನದ ಹಿಂದೆ ಬಚ್ಚಲಲ್ಲಿ ನಿಂತಿದ್ದಾಗ ಯಾವ ನೋವೂ ಇಲ್ಲದೆ ಕಾಲಗುಂಟ ರಕ್ತ ಇಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ತಾನೇ ನಿಂತೂ ಹೋಗಿತ್ತು.

ಊರಿನ ಹಿರಿಯ ಡಾಕ್ಟರರು ಮನೆಗೇ ಬಂದು ನೋಡಿದರು. ಕೈ ತೊಳೆದುಕೊಳ್ಳುತ್ತ ಅವರು ನನ್ನ ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು.

“ಕಸ, ಅಂದ್ರ ಮಾಸು, ಕೂಸಿಗಿಂತ ಕೆಳಗ ಕುಂತೈತ್ರಿ ವಕೀಲರ. ಬಾಗಲಾ ಕಟ್ಟಿ ಕುಂತಂಗ. ಅದು ಹರೀತಂದ್ರ ರಕ್ತ ನಿಲ್ಲೂದಿಲ್ಲ. ಹೊಟ್ಟಿ ಕೊಯ್ದ ಕೂಸ ತಗೀಬೇಕಾಗತೈತಿ. ಎಂಟರಾಗ ಬೀಳೂದ್ರೊಳಗ ವಿಜಾಪುರಕ್ಕ ಒಯ್ದು ಇಡ್ರಿ.”

“ಈಗ ಒಯ್ಯಲೇನ್ರಿ?”

“ಈಗ ಬ್ಯಾಡ. ರಕ್ತ ಈಗಷ್ಟ ನಿಂತೈತಿ. ಒಂದಿಷ್ಟು ದಿನ ಹಾಸಿಗಿ ಬಿಟ್ಟು ಏಳಬಾರದು. ಆಮ್ಯಾಲೂ ಬಸ್ಸಿನ್ಯಾಗ ಬ್ಯಾಡ, ಜೀಪಿನ್ಯಾಗ ಬ್ಯಾಡ. ಮಲಗಿಸಿಕೊಂಡು ಹೋಗ್ರಿ. ಮೈ ಕುಲುಕಬಾರದು.”

ಮುದ್ದೇಬಿಹಾಳದಿಂದ ವಿಜಾಪುರಕ್ಕೆ ಸುಮಾರು ಎಂಬತ್ತು ಕಿಲೋಮೀಟರ್. ನಡುವೆ ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ, ಮನಗೂಳಿ. ಹೆಚ್ಚುಕಡಿಮೆ ಉದ್ದಕ್ಕೂ ಎರೆಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲಿನ ರಸ್ತೆಯೂ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಆ ದಾರಿಯಲ್ಲಿ ಮೈ ಕುಲುಕದಂತೆ ಹೋಗುವ ವಾಹನ ಯಾವುದು? ನಾನು ಕಿಟಕಿಯಾಚೆ ತಾಡಪತ್ರಿಯನ್ನೇ ನೋಡುತ್ತಿದ್ದೆ.

ಆ ಕಾರನ್ನು ಮಾವನವರು ಸ್ವಾತಂತ್ರ್ಯ ಬಂದ ಹೊಸತರಲ್ಲಿ, ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ತೆಗೆದುಕೊಂಡಿದ್ದರು. ಹಿಂದಿನ ಸೀಟು ಮಂಚದಷ್ಟು ಅಗಲ. ಮೊಣಕಾಲು ಮಡಿಸಿ ಮಲಗಿದರೆ ನನ್ನಂಥವಳು ಪೂರ್ತಿ ಹಿಡಿಸುತ್ತಿದ್ದಳು. ಆದರೆ ಅದರ ಕಮಾನು ಪಟ್ಟಿಗಳು, ಅಂದರೆ ಭಾರ ಹೊರುವ ಸ್ಪ್ರಿಂಗುಗಳು, ಸೋತು ಹಿಂಭಾಗ ಕುಸಿದು, ಕುಂತ ಎಮ್ಮೆಯ ಹಾಗೆ ಕಾಣುತ್ತಿತ್ತು. ಮೂರು ವರ್ಷದಿಂದ ಮಾವನವರು ಅದನ್ನು ಮುಟ್ಟಿರಲಿಲ್ಲ. ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ನನ್ನ ಮೊದಲ ಬಸುರಿನಲ್ಲಿ, ಕುಬಸದ ಶಾಸ್ತ್ರ ಮುಗಿಸಿ ನನ್ನನ್ನು ಬಾಗೇವಾಡಿಯ ತವರಿಗೆ ಬಿಡಲು ಮಾವನವರು ಅದೇ ಕಾರಿನಲ್ಲಿ ಹೊರಟಿದ್ದರು. ಹಿಪ್ಪರಗಿ ದಾಟಿದ ಮೇಲೆ ಒಂದು ಸಣ್ಣ ಸೇತುವೆಯ ಬಾಯಲ್ಲಿ ಮಣ್ಣು ಕುಸಿದಿತ್ತು. ಬಲಗಡೆಯ ಹಿಂದಿನ ಗಾಲಿ ಅದರೊಳಗೆ ಧಡ್ಡನೆ ಇಳಿಯಿತು. ನಾನು ಸೀಟಿನಿಂದ ಎದ್ದು ಬಿದ್ದೆ. ಅದೇ ಸಂಜೆ ತವರಿನಲ್ಲಿ ನೋವು ಶುರುವಾಯಿತು. ಏಳು ತಿಂಗಳ ಗಂಡುಮಗು, ಅಳಲೇ ಇಲ್ಲ. ಆ ಹೊಡೆತದಿಂದಲೇ ಹಾಗಾಯಿತೆಂದು ಹೇಳಲು ಬರುವುದಿಲ್ಲ ಎಂದು ಡಾಕ್ಟರು ಅಂದಿದ್ದರು. ನನಗೆ ಮಾತ್ರ ಸಂಶಯವೇ ಇರಲಿಲ್ಲ. ಮಾವನವರಿಗೂ ಇದ್ದಿರಲಿಕ್ಕಿಲ್ಲ. ಅವತ್ತಿನಿಂದ ಅವರು ನಾನಿದ್ದ ಕೋಣೆಗೆ ಬರುವ ಮುನ್ನ ಕೆಮ್ಮಿ, ನಾನು ಎದ್ದು ಹೋಗಲೆಂದು ಕಾಯುತ್ತಿದ್ದರು. ನಾನೂ ಎದ್ದು ಹೋಗುತ್ತಿದ್ದೆ.

ಡಾಕ್ಟರು ಹೋದ ದಿನವೇ ನಾನು ಗಂಡನಿಗೆ ಹೇಳಿದೆ, “ನಮ್ಮ ಕಾರಿನ್ಯಾಗ ಹೋಗೂಣ್ರಿ. ಅದರ ಹಿಂದಿನ ಪಟ್ಟಿ ಬದಲಿ ಮಾಡಸ್ರಿ.”

“ಆ ಕಾರಾ? ತಲಿ ಕೆಟ್ಟೈತೇನು ನಿಂದು?”

“ಅದರ ಸೀಟ ಬಿಟ್ರ ನನಗ ಮಲಗಾಕ ಮತ್ತೆಲ್ಲಿ ಜಾಗಾ ಐತಿ? ಗಾಡಿ ತಪ್ಪಲ್ಲರಿ. ಪಟ್ಟಿ ಮುರಿದಿದ್ವು.”

ಊಟದ ಹೊತ್ತಿಗೆ ಅವರು ತಂದೆಯ ಮುಂದೆ ಮಾತು ತೆಗೆದರು. ಮಾವನವರು ಊಟ ಅರ್ಧಕ್ಕೆ ಬಿಟ್ಟು ಎದ್ದರು. “ಆ ಗಾಡಿ ಮಾತ ಈ ಮನ್ಯಾಗ ತಗೀಬ್ಯಾಡ್ರಿ” ಅಂದರು. ಆಗ ನಮ್ಮ ಅತ್ತೆ, ಎಂದೂ ಗಂಡನಿಗೆ ಎದುರಾಡದವರು, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಅಂದರು: “ನೀವು ಮಾತ ತಗೀಬ್ಯಾಡ್ರಿ. ಮಿಸ್ತ್ರಿ ಬಂದು ನೋಡಲಿ.”

ಮರುದಿನ ಮಾವನವರು ಮಸೂತಿ ಎಂಬ ಹಳ್ಳಿಯಲ್ಲಿದ್ದ ನಮ್ಮ ಹೊಲಕ್ಕೆ ಹೊರಟುಹೋದರು. ಮಿಸ್ತ್ರಿ ಬಂದರು.

ಸೈನ್ಯದ ಲಾರಿಗಳಲ್ಲಿ ಕೆಲಸ ಮಾಡಿ ಬಂದ ಐವತ್ತರ ಆಸುಪಾಸಿನ ಮನುಷ್ಯ. ತಾಳಿಕೋಟಿ ರಸ್ತೆಯಲ್ಲಿ ಅವರ ಗಾಡಿ ರಿಪೇರಿ ಶೆಡ್ಡಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ಅವರ ಮಗಳು ನನ್ನ ತರಗತಿಯಲ್ಲಿದ್ದಳು. ಹಾಗಾಗಿ ನನಗೆ ಅಕ್ಕೋರು ಎನ್ನುತ್ತಿದ್ದರು. ಕಾರಿನ ಕೆಳಗೆ ಹೊಕ್ಕು ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಕಿಟಕಿಯ ಹತ್ತಿರ ಬಂದು, ತಲೆಯ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಹೇಳಿದರು.

“ಕಮಾನ ಪಟ್ಟಿ ಪೂರಾ ಸತ್ತಾವ್ರಿ ಅಕ್ಕೋರ. ಒಂದೊಂದು ಬದಿಗೆ ಏಳೇಳು ಪಟ್ಟಿ. ಬಲಗಡೆ ಎರಡು ಸೀಳ್ಯಾವ. ಗಾಡಿ ತೂಗೂದು ತಡಿಯೂ ಹಳೀ ಶಾಕಪ್ಸರ್ ಎರಡೂ ಎಣ್ಣಿ ಕಾರಿ ಒಣಗ್ಯಾವ. ದಪ್ಪನ್ವು ಎರಡೆರಡು ಪಟ್ಟಿ ಕೂಡಸ್ತೇನಿ. ಮುರಿದ್ರ ಕೇಳ್ರಿ.”

ಸಿಂದಗಿಯ ಗುಜರಿಯಲ್ಲಿ ಲಾರಿಯ ಪಟ್ಟಿಗಳು ಸಿಕ್ಕವು. ಅವನ್ನು ಕತ್ತರಿಸಿ, ಬಾಗಿಸಿ ಕೂಡಿಸಲು ಹತ್ತು ದಿನ ಹಿಡಿಯಿತು. ನಾನು ಮಲಗಿದಲ್ಲಿಂದಲೇ ಸುತ್ತಿಗೆಯ ಪೆಟ್ಟು ಕೇಳುತ್ತಿದ್ದೆ. ಪ್ರತಿ ಪೆಟ್ಟಿಗೂ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಕೊನೆಗೆ ಕಾರಿನ ಹಿಂಭಾಗ ಎದ್ದು ನಿಂತಿತು. ನನ್ನ ಗಂಡ ಸಂತೋಷದಿಂದ ಅದರ ಬೆನ್ನು ತಟ್ಟಿದರು.

ನನಗೆ ನಂಬಿಕೆ ಬರಲಿಲ್ಲ. ಕೂತು ನೋಡುವ ಹಾಗೂ ಇರಲಿಲ್ಲ. ಒಂದು ತಾಮ್ರದ ಕೊಡದಲ್ಲಿ ಕಂಠದವರೆಗೆ ನೀರು ತುಂಬಿಸಿ, ಅದನ್ನು ಹಿಂದಿನ ಸೀಟಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಲು ಹೇಳಿದೆ. “ಹಿಪ್ಪರಗಿ ದಾರೀಲೆ ಐದು ಮೈಲಿ ಹೋಗಿ ತಿರುಗಿ ಬರ್ರಿ. ನೀರು ಎಷ್ಟು ಉಳೀತೈತಿ ನೋಡೂಣ.”

ತಿರುಗಿ ಬಂದಾಗ ಕೊಡ ಮಂಚದ ಪಕ್ಕಕ್ಕೆ ತಂದಿಟ್ಟರು. ನಾನು ಕೈ ಇಳಿಬಿಟ್ಟೆ. ಮೊಣಕೈವರೆಗೆ ಹೋದರೂ ನೀರು ಸಿಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಚೆಲ್ಲಿತ್ತು.

ಮಿಸ್ತ್ರಿ ನೆಲ ನೋಡುತ್ತ ನಿಂತರು. “ಮುರಿಯೂದಂತೂ ಇಲ್ರಿ ಅಕ್ಕೋರ.”

“ಮುರಿಯೂದು ಬ್ಯಾರೆ, ಕುಲುಕೂದು ಬ್ಯಾರೆ ಅಲ್ಲೇನ್ರಿ ಮಿಸ್ತ್ರಿಯವರ? ಲಾರಿ ಪಟ್ಟಿ ಲಾರಿ ಭಾರಕ್ಕ ಬಗ್ಗತೈತಿ. ನನ್ನ ಭಾರಕ್ಕ ಬಗ್ಗೂದಿಲ್ಲ. ಬಗ್ಗದ ಪಟ್ಟಿ ಕಲ್ಲಿನ ಹೊಡ್ತಾ ನೆಟ್ಟಗ ನನಗ ಮುಟ್ಟಸ್ತೈತಿ.”

ಅವರು ಬಗ್ಗಿ ಕೊಡದೊಳಗೆ ನೋಡಿದರು. ಅವರಿಗೆ ಸಿಟ್ಟು ಬಂತೇನೋ ಎಂದುಕೊಂಡೆ. ಆಮೇಲೆ ಅಂದರು, “ಮಿಲಿಟರ್ಯಾಗ ಖಾಲಿ ಲಾರಿ ಹಿಂದ ಕುಂತು ಬಂದವ್ರಿಗೆ ಗೊತ್ತದು. ತುಂಬಿದ ಲಾರ್ಯಾಗ ನಿದ್ದಿ ಬರ್ತಿತ್ತು.”

ಆ ಒಂದು ಮಾತಿನಿಂದ ನಮಗಿಬ್ಬರಿಗೂ ದಾರಿ ಕಂಡಿತು. ಪಟ್ಟಿಗಳು ತೆಳುವಾಗಿರಬೇಕು, ಉದ್ದವಾಗಿರಬೇಕು, ಒಂದರ ಮೇಲೊಂದು ಸರಾಗ ಜಾರಬೇಕು. ಡಿಕ್ಕಿಯಲ್ಲಿ ಎರಡು ಚೀಲ ಜೋಳ ಹೇರಿ ಭಾರ ಕೊಡಬೇಕು. ಗಾಡಿ ಒಮ್ಮೆ ಏರಿಳಿದ ಮೇಲೆ ತೂಗುತ್ತಲೇ ಇರಬಾರದು. ಅದಕ್ಕೆ ಸತ್ತ ಶಾಕಪ್ಸರ್ ಜಾಗದಲ್ಲಿ ಜೀಪಿನ ಕೊಳವೆಯಂಥ ಹೊಸ ಶಾಕಪ್ಸರ್ ಕೂಡಿಸಬೇಕು. ಈ ಕಾರಿಗೆ ಅವನ್ನು ಹಿಡಿಸುವ ಕೊಂಡಿಗಳೇ ಇರಲಿಲ್ಲ. ಅವನ್ನು ಮಿಸ್ತ್ರಿ ತಾವೇ ಮಾಡಬೇಕಿತ್ತು. ಆಗಲೇ ನನಗೆ ಏಳನೆಯ ತಿಂಗಳು ಹತ್ತಿತ್ತು.

ತೆಳು ಪಟ್ಟಿಗಳಿಗೆ ಬಾಗೇವಾಡಿಯ ಒಬ್ಬ ಕಂಬಾರರ ಕುಲುಮೆಯಲ್ಲಿ ಹೊಸ ಬಾಗು ಕೊಡಿಸಿ ತಂದರು. ಜೋಡಿಸಿದ ದಿನ ಮಾವನವರು ಮಸೂತಿಯಿಂದ ಬಂದು ಪಡಸಾಲೆಯ ಹೊರಕಟ್ಟೆಯ ಮೇಲೆ ಕೂತಿದ್ದರು. ಮಿಸ್ತ್ರಿ ಜೋಳದ ಚೀಲ ಹೇರಿ, ಕಾರನ್ನು ಅಂಗಳದ ಮೆಟ್ಟಿಲ ಮೇಲಿಂದ ಬೇಕೆಂದೇ ಇಳಿಸಿದರು. ಬಂದೂಕು ಹಾರಿದಂಥ ಸಪ್ಪಳ. ಬಲಗಡೆಯ ಮೇಲಿನ ಉದ್ದ ಪಟ್ಟಿ ಎರಡು ತುಂಡಾಗಿ ನೆಲಕ್ಕೆ ನೇತುಬಿದ್ದಿತ್ತು.

ಮಾವನವರು ಎದ್ದು ನಿಂತರು. “ಸಾಕು” ಅಂದರು. “ಇನ್ನ ಸಾಕು. ಇದರಾಗ ನನ್ನ ಸೊಸಿ ಕೂಡೂದಿಲ್ಲ.”

ನನ್ನ ಸೊಸೆ ಎಂಬ ಮಾತನ್ನು ಅವರ ಬಾಯಲ್ಲಿ ಕೇಳಿ ಎಷ್ಟೋ ದಿನವಾಗಿತ್ತು. ಆದರೂ ನಾನು ಒಳಗಿನಿಂದಲೇ ಕೂಗಿದೆ, “ಮಿಸ್ತ್ರಿಯವರ, ಮುರಿದ ಜಾಗಾ ತೋರಸ್ರಿ.”

ಅವರು ತುಂಡನ್ನು ಕಿಟಕಿಗೆ ತಂದು ಹಿಡಿದರು. ಮುರಿದ ಮೈ ಸಕ್ಕರೆಯ ಹರಳಿನ ಹಾಗೆ ಹೊಳೆಯುತ್ತಿತ್ತು. ಕಾಯಿಸಿದ ಪಟ್ಟಿಯನ್ನು ನೀರಿನಲ್ಲಿ ಅದ್ದಿದ್ದರು, ಅದಕ್ಕೇ ಗಾಜಿನಂತೆ ಒಡೆದಿತ್ತು. ಎಣ್ಣೆಯಲ್ಲಿ ಅದ್ದಿ, ಮತ್ತೊಮ್ಮೆ ಸಣ್ಣ ಉರಿಯಲ್ಲಿ ಹದ ಕೊಡಬೇಕಿತ್ತು. ತಪ್ಪು ಕಂಬಾರರದಲ್ಲ, ಹೇಳದೆ ಬಂದದ್ದು ತಮ್ಮದೇ ಎಂದು ಮಿಸ್ತ್ರಿ ಒಪ್ಪಿಕೊಂಡರು. “ನಾ ಮತ್ತ ಹೋಗ್ತೇನಿ. ಈ ಸಲ ಕುಲುಮಿ ಮುಂದ ಕುಂತು ಮಾಡಸ್ತೇನಿ.”

ಆ ದಿನ ಗಂಡ ನನ್ನ ಮೇಲೆ ಮೊದಲ ಸಲ ಕೂಗಾಡಿದರು. “ಇದೇನ ಸಾಲಿ ಪ್ರಯೋಗ ಅಂತ ತಿಳದೀಯೇನು? ನೀರು ಚೆಲ್ಲಿದ್ರ ಮತ್ತ ತುಂಬಬಹುದು.” ಕೂಗಾಡಿದವರೇ ಬಗ್ಗಿ ನನ್ನ ಚಾದರ ಸರಿಮಾಡಿ ಹೊದಿಸಿದರು. ಅದನ್ನು ನೋಡಿದ ಮೇಲೆ ಸಿಟ್ಟು ಮಾಡಲು ನನಗೆ ಆಗಲಿಲ್ಲ.

ಎರಡನೆಯ ಸಲದ ಪಟ್ಟಿಗಳು ಒಡೆಯಲಿಲ್ಲ. ಅದೇ ಮೆಟ್ಟಿಲ ಮೇಲಿಂದ ಹತ್ತು ಸಲ ಇಳಿಸಿದರು. ಎಡಗಡೆಯ ಶಾಕಪ್ಸರ್ ಕೂತಿತು. ಬಲಗಡೆಯದಕ್ಕೆ ರಬ್ಬರ್ ಬುಶ್ ಇರಲಿಲ್ಲ. ಕೊಂಡಿಗೂ ಕೊಳವೆಗೂ ನಡುವೆ ಕೂಡುವ ಬಳೆಯಂಥ ರಬ್ಬರು ಅದು. ನನ್ನ ಗಂಡನಿಗೆ ಇಂಡಿ ಊರಿನ ಕೋರ್ಟಿನಲ್ಲಿ ಒಂದು ಕೇಸಿತ್ತು. ಅದು ಮುಗಿಸಿ ವಿಜಾಪುರಕ್ಕೆ ಹೋಗಿ ಬುಶ್ ತರುತ್ತೇನೆ, ಆಸ್ಪತ್ರೆಯ ಹತ್ತಿರ ಒಂದು ಕೋಣೆಯನ್ನೂ ನೋಡಿ ಬರುತ್ತೇನೆ, ನಾಲ್ಕು ದಿನದಲ್ಲಿ ಹೊರಡೋಣ ಎಂದು ಹೇಳಿ ಬಸ್ಸು ಹತ್ತಿದರು.

ಅವರು ಹೋದ ಮರುದಿನ ಬೆಳಿಗ್ಗೆ, ಅತ್ತೆ ಚಹಾ ತಂದಾಗ, ಹಾಸಿಗೆ ಬೆಚ್ಚಗಾದಂತೆ ಅನಿಸಿತು. ಚಾದರ ಸರಿಸಿದೆ. ಈ ಸಲದ ರಕ್ತ ಮೊದಲಿನ ಹಾಗಿರಲಿಲ್ಲ.

ಡಾಕ್ಟರು ಓಡಿಬಂದರು. ಒಂದು ಸೂಜಿ ಚುಚ್ಚಿದರು, ನಾಡಿ ಹಿಡಿದು ಕೂತರು. “ಈಗ ಸ್ವಲ್ಪ ಕಡಿಮಿ ಆಗೇತಿ. ಮತ್ತ ಶುರು ಆಗೂದ್ರಾಗ ವಿಜಾಪುರ ಮುಟ್ಟಬೇಕು. ಇವತ್ತ. ಈಗ.” ಒಂದು ಚೀಟಿ ಬರೆದು ಅತ್ತೆಯ ಕೈಗಿಟ್ಟರು. ಅವರಿಗೆ ಆಸ್ಪತ್ರೆ ಬಿಟ್ಟು ಬರುವಂತಿರಲಿಲ್ಲ. ಅಲ್ಲಿ ಇನ್ನೊಬ್ಬಳು ಹೆರಿಗೆಗೆ ಮಲಗಿದ್ದಳು.

ಮಿಸ್ತ್ರಿಗೆ ಹೇಳಿಕಳಿಸಿದರು. ಕಾರಿನ ಬಲಗಡೆಯ ಹಿಂದಿನ ಗಾಲಿ ಬಿಚ್ಚಿಟ್ಟಿತ್ತು. ಆ ಮಗ್ಗಲು ಕಲ್ಲಿನ ಮೇಲೆ ನಿಂತಿತ್ತು. ಅವರು ಬಂದವರೇ ಶೆಡ್ಡಿನಲ್ಲಿದ್ದ ಎತ್ತಿನ ಚಕ್ಕಡಿಯ ಹಳೆಯ ಟೈರನ್ನು ಎಳೆದು ಅದರ ದಪ್ಪ ಅಂಚನ್ನು ಕತ್ತರಿಸತೊಡಗಿದರು. ಅದಕ್ಕೆ ತೂತು ಕೊರೆದು ಬುಶ್ ಮಾಡುವ ಯೋಚನೆ. ನಾನು ಕಾಲ ಕೆಳಗೆ ಎರಡು ತಲೆದಿಂಬು ಇಟ್ಟುಕೊಂಡು ಮಲಗಿ, ಕಿಟಕಿಯಿಂದ ಆ ಚಾಕುವನ್ನೇ ನೋಡುತ್ತಿದ್ದೆ. ರಬ್ಬರಿಗೆ ನೀರು ಹಚ್ಚಿ ಕೊಯ್ಯುತ್ತಿದ್ದರು. ಮೊದಲನೆಯದು ಕೊರೆಯುವಾಗ ಸೀಳಿತು. ಎಸೆದರು. ಎರಡನೆಯದು ಮೇಲಿನ ಕೊಂಡಿಗೆ ಕೂತಿತು. ಕೆಳಗಿನ ಕೊಂಡಿಗೆ ಕೊಯ್ದ ಮೂರನೆಯದು ಸಣ್ಣದಾಯಿತು. ಮತ್ತೊಂದು ಕೊಯ್ದರು. ಅಷ್ಟು ಹೊತ್ತೂ ಯಾರೋ ಅವರಿಗೆ ಬೋಲ್ಟು ಬಿಗಿಯುವ ಪಾನಾ ಕೊಡುತ್ತ, ಗಾಲಿ ಎತ್ತಿ ಹಿಡಿಯುತ್ತ ಕೂತಿದ್ದರು. ಬೆನ್ನು ನನ್ನ ಕಡೆಗಿತ್ತು. ಎದ್ದು ನಿಂತಾಗ ನೋಡಿದೆ, ಮಾವನವರು. ಧೋತರದ ತುಂಬ ಗ್ರೀಸು.

“ಮಿಸ್ತ್ರಿ, ಸ್ಟೇರಿಂಗ್ ಹಿಡದು ನೀ ಬಿಡು ಗಾಡಿ” ಅಂದರು.

“ನಾ ಬಿಟ್ಟರ ಹಿಂದಿನ ಬೋಲ್ಟ ಯಾರು ನೋಡಬೇಕ್ರಿ ಗೌಡ್ರ? ಹೊಸಾವು ಅವು, ಹೋಗ್ತಾ ಹೋಗ್ತಾ ಸಡ್ಲ ಆಗ್ತಾವ. ನಾ ಕಿವಿ ಹೊರಗಿಟ್ಟ ಕುಂಡ್ರಬೇಕು. ನೀವ ಬಿಡ್ರಿ.”

“ನನ್ನ ಕೈಲೆ ಬ್ಯಾಡ.”

“ಮತ್ತ ಯಾರದಾರ್ರಿ?”

ಯಾರೂ ಇರಲಿಲ್ಲ. ಮಾವನವರು ಬಾವಿಕಟ್ಟೆಗೆ ಹೋಗಿ ಕೈ ತೊಳೆದುಕೊಂಡು ಬಂದು ಸ್ಟೇರಿಂಗ್ ಹಿಂದೆ ಕೂತರು. ನನ್ನನ್ನು ಹಾಸಿಗೆ ಸಮೇತ ಎತ್ತಿ ಸೀಟಿನ ಮೇಲೆ ಇಟ್ಟರು. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಊರು ದಾಟಿತು. ಮೊದಲ ತಗ್ಗು ಬಂದಾಗ ಮಿಸ್ತ್ರಿ “ತಗ್ಗೈತ್ರಿ” ಎಂದು ಮುಂಚೆಯೇ ಹೇಳಿದರು. ನಾನು ಹಲ್ಲು ಕಚ್ಚಿದೆ. ಕೆಳಗೆ ಏನೋ ಮೆತ್ತಗೆ ಬಾಗಿ, ಮೇಲೆದ್ದು, ನಿಂತಿತು. ಅಷ್ಟೇ. ಕಲ್ಲುಗಳ ಸಪ್ಪಳ ಕೇಳುತ್ತಿತ್ತು, ಹೊಡೆತ ನನ್ನವರೆಗೆ ಬರುತ್ತಿರಲಿಲ್ಲ. ಆದರೂ ಮೈ ಬಿಗಿ ಸಡಿಲಲಿಲ್ಲ. ಅತ್ತೆ ಸ್ವಲ್ಪ ಹೊತ್ತಿಗೊಮ್ಮೆ ನನ್ನ ಸೀರೆಯ ಕೆಳಗೆ ಕೈ ಹಾಕಿ ಬಟ್ಟೆ ನೋಡುತ್ತಿದ್ದರು. ನಾನು ಅವರ ಮುಖ ನೋಡಿ ತಿಳಿದುಕೊಳ್ಳಲು ನೋಡುತ್ತಿದ್ದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು.

ಹಿಪ್ಪರಗಿಯ ಹತ್ತಿರ ಮಿಸ್ತ್ರಿ ನಿಲ್ಲಿಸಲು ಹೇಳಿ, ಕೆಳಗೆ ಹೊಕ್ಕು ಬೋಲ್ಟು ಬಿಗಿದರು. ಎರಡು ಸುತ್ತು ಸಡಿಲವಾಗಿದ್ದವು. ಹೊರಟ ಮೇಲೆ ಆ ಸೇತುವೆ ಬಂತು. ನಾನು ಮಲಗಿದಲ್ಲಿಂದ ದಾರಿ ಕಾಣುತ್ತಿರಲಿಲ್ಲ. ಆದರೆ ಮಾವನವರ ಕುತ್ತಿಗೆ ಬಿಗಿಯಾದದ್ದು ಕಂಡಿತು. ಕಾರು ಮನುಷ್ಯರು ನಡೆಯುವಷ್ಟು ಮೆಲ್ಲಗಾಯಿತು. ಮಣ್ಣು ಹಾಕಿ ಸರಿಮಾಡಿದ್ದರು. ಗಾಲಿ ನಾಲ್ಕೂ ದಾಟಿದವು.

ಬಾಗೇವಾಡಿಯಲ್ಲಿ ತವರು ಇತ್ತು. ನಿಲ್ಲಿಸಲಿಲ್ಲ. ನಮ್ಮ ಓಣಿಯ ಬಾಯಿ ದಾಟುವಾಗ ಬೇವಿನ ಮರದ ತುದಿ ಮಾತ್ರ ಕಂಡಿತು.

ಮನಗೂಳಿ ಬಿಟ್ಟು ಸ್ವಲ್ಪ ಮುಂದೆ ರಸ್ತೆ ಅಗೆದು ಹಾಕಿದ್ದರು. ಅಡ್ಡಕ್ಕೆ ಕಲ್ಲು ಸಾಲಾಗಿ ಇಟ್ಟಿದ್ದರು. ಬದಿಯ ಎರೆ ಹೊಲದೊಳಗೆ ಚಕ್ಕಡಿ ಹೋದ ಜಾಡೊಂದೇ ದಾರಿ. ಬಿಸಿಲಿಗೆ ಬಿರಿದ ನೆಲ, ಕೈ ಹೋಗುವಷ್ಟು ಅಗಲದ ಬಿರುಕುಗಳು. ಮಾವನವರು ಕಾರು ನಿಲ್ಲಿಸಿದರು. ಇಂಜಿನ್ನೂ ಬಂದ್ ಮಾಡಿದರು.

“ಗಾಡಿ ಹೊಲದಾಗ ಇಳಸ್ರಿ ಗೌಡ್ರ, ಬರೇ ಎರಡು ಫರ್ಲಾಂಗ್ ಐತಿ” ಅಂದರು ಮಿಸ್ತ್ರಿ.

ಮಾವನವರ ಎರಡೂ ಕೈ ಸ್ಟೇರಿಂಗ್ ಮೇಲಿದ್ದವು. “ಆಗೂದಿಲ್ಲ” ಅಂದರು. “ನನ್ನ ಕೈಲೆ ಆಗೂದಿಲ್ಲ. ಒಂದನ್ನ ಕೊಂದೇನಿ ನಾನು.”

ಅತ್ತೆಯ ಕೈ ನನ್ನ ಹಣೆಯ ಮೇಲೆ ಹಾಗೇ ನಿಂತಿತು. ಅದೇ ಹೊತ್ತಿಗೆ ನನ್ನೊಳಗಿನಿಂದ ಮತ್ತೆ ಬೆಚ್ಚಗೆ ಇಳಿಯುವುದು ಗೊತ್ತಾಯಿತು. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಮಾವನವರು ಇನ್ನಷ್ಟು ಹೆದರುತ್ತಿದ್ದರು.

“ಮಾವಾರ” ಎಂದೆ. ಅವರ ಹೆಗಲು ಅಲುಗಿತು. ಮೂರು ವರ್ಷದಲ್ಲಿ ನಾನು ಅವರನ್ನು ನೇರ ಕರೆದದ್ದು ಅದೇ ಮೊದಲು. “ಮೂರು ವರ್ಷ ನಾ ನಿಮ್ಮ ಮ್ಯಾಲೆ ಸಿಟ್ಟ ಇಟ್ಟೇನ್ರಿ. ಖರೇನ ಹೇಳ್ತೇನಿ. ನಿಮ್ಮ ಕೆಮ್ಮ ಕೇಳಿದ್ರೂ ಸಿಟ್ಟ ಬರ್ತಿತ್ತು. ಆದ್ರ ಗಾಲಿ ಬಿದ್ದದ್ದು ನೀವು ಕಣ್ಣ ಮುಚ್ಚಿಕೊಂಡು ಬಿಟ್ಟದ್ದಕ್ಕ ಅಲ್ರಿ. ಪಟ್ಟಿ ಸೀಳಿದ್ವು, ಮಣ್ಣ ಕುಸದಿತ್ತು. ನಾನೂ ನೋಡೇನಿ ಆ ಪಟ್ಟಿ. ಈಗ ನನ್ನ ಕೂಸ ನಿಮ್ಮ ಕೈಯಾಗೈತಿ. ಬ್ಯಾರೆ ಯಾರ ಕೈಯಾಗೂ ಇಲ್ಲ. ನಡ್ರಿ.”

ಅವರು ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಮಾತ್ರ ಒಂದು ಕ್ಷಣ ಅವರ ಕಣ್ಣು ಕಂಡವು. ಆಮೇಲೆ ಇಂಜಿನ್ ಶುರುವಾಯಿತು.

ಮಿಸ್ತ್ರಿ ಇಳಿದು ಕಾರಿನ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಎರಡೂ ಕೈಯಿಂದ ಸನ್ನೆ ಮಾಡುತ್ತ ದಾರಿ ತೋರಿಸಿದರು. ಅವರ ಕೂಗು ಕೇಳುತ್ತಿತ್ತು. “ಸಾವಕಾಶ... ಎಡಕ್ಕ... ಇನ್ನೂ ಎಡಕ್ಕ... ಬರ್ರಿ, ಬರ್ರಿ.” ಕಾರು ಓರೆಯಾಗಿ ಬಾಗಿತು, ನಿಂತಿತು, ಮತ್ತೆ ಬಾಗಿತು. ಅತ್ತೆ ಒಂದು ಕೈಯಿಂದ ಮುಂದಿನ ಸೀಟನ್ನು, ಇನ್ನೊಂದರಿಂದ ನನ್ನನ್ನು ಬಿಗಿಯಾಗಿ ಹಿಡಿದಿದ್ದರು. ಕೊನೆಯ ಏರಿನಲ್ಲಿ ಬಲಗಡೆಯಿಂದ ‘ಟಕ್’ ಎಂದು ಒಂದು ಸಪ್ಪಳ ಬಂತು. ಮಾವನವರು ಬ್ರೇಕ್ ಹಾಕಿದರು. “ಏನದು?”

ಮಿಸ್ತ್ರಿ ಬಗ್ಗಿ ನೋಡಿ ಎದ್ದರು. “ಕಲ್ಲ ಬಡೀತ್ರಿ. ನಡ್ರಿ ನಡ್ರಿ.”

ಅಲ್ಲಿಂದ ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಕಣ್ಣಿಗೆ ಕತ್ತಲೆ ಬರುತ್ತಿತ್ತು. ಅತ್ತೆ ಕೆನ್ನೆ ತಟ್ಟುತ್ತ ಮಾತಾಡಿಸುತ್ತಲೇ ಇದ್ದರು. ಗೋಳಗುಮ್ಮಟ ಕಂಡಿತು ನೋಡು, ಕಣ್ಣು ತೆರೆದು ನೋಡು ಎಂದು ಅಂದದ್ದು ನೆನಪಿದೆ. ನಾನು ತೆರೆದು ನೋಡಿದ್ದು ಆಸ್ಪತ್ರೆಯ ಬಿಳಿ ಗೋಡೆಯನ್ನು.

ಹೆಣ್ಣುಮಗು. ಅಂಗೈಯಷ್ಟು ಎಂದು ಅತ್ತೆ ಹೇಳುತ್ತಿದ್ದರು, ಅದಕ್ಕಿಂತ ಸ್ವಲ್ಪ ದೊಡ್ಡದಿತ್ತು. ಅರಳೆಯಲ್ಲಿ ಸುತ್ತಿ, ಸುತ್ತಲೂ ಬಿಸಿನೀರಿನ ಬಾಟಲಿಗಳನ್ನು ಇಟ್ಟಿದ್ದರು. ಅಳುವ ಶಕ್ತಿ ಇರಲಿಲ್ಲ, ಬೆಕ್ಕಿನ ಮರಿಯ ಹಾಗೆ ಸದ್ದು ಮಾಡುತ್ತಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಇಬ್ಬರಲ್ಲಿ ಯಾರೂ ಉಳಿಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರಮ್ಮ ನೇರವಾಗಿಯೇ ಹೇಳಿದರು. ರಕ್ತ ನಿಲ್ಲಿಸಲು ಗರ್ಭಚೀಲ ತೆಗೆಯಬೇಕಾಯಿತು, ಮುಂದೆ ಮತ್ತೆ ಮಕ್ಕಳಾಗಲಾರವೆಂದೂ ಹೇಳಿದರು. ಆಗ ಅದು ಅರ್ಥವಾಗಲಿಲ್ಲ. ಅರ್ಥವಾಗಿ ಅತ್ತದ್ದು ಎಷ್ಟೋ ದಿನದ ಮೇಲೆ.

ನಾವು ಆಸ್ಪತ್ರೆ ಮುಟ್ಟಿದ ದಿನವೇ ಸಂಜೆಗೆ ಮುಂಚೆ ನನ್ನ ಗಂಡ ವಿಜಾಪುರದ ಅಂಗಡಿಯೊಂದರಲ್ಲಿ ಬುಶ್ ಕೊಂಡು, ಕೋಣೆ ನೋಡಲೆಂದು ಆಸ್ಪತ್ರೆಯ ರಸ್ತೆಗೆ ಬಂದಿದ್ದರಂತೆ. ಗೇಟಿನೊಳಗೆ ಧೂಳು ಮೆತ್ತಿದ ಕಾರು ನಿಂತದ್ದು ನೋಡಿ ಅಲ್ಲೇ ಕುಸಿದು ಕೂತರಂತೆ. ಒಳಗೆ ಬಂದು ಕೇಳುವ ಧೈರ್ಯ ಅವರಿಗೆ ಬರಲಿಲ್ಲ. ಮಿಸ್ತ್ರಿಯೇ ಹೊರಗೆ ಹೋಗಿ, “ಇಬ್ಬರೂ ಅದಾರ್ರಿ ವಕೀಲರ, ಏಳ್ರಿ” ಎಂದು ಕೈಹಿಡಿದು ಕರೆತಂದರು.

ಮೂರನೆಯ ದಿನ ಮಿಸ್ತ್ರಿ ನನ್ನನ್ನು ನೋಡಲು ಬಂದರು. ಬಾಗಿಲ ಹತ್ತಿರವೇ ನಿಂತು, ಮಾವನವರು ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಅಂದರು, “ಅವತ್ತ ಬಡದದ್ದು ಕಲ್ಲಲ್ರಿ ಅಕ್ಕೋರ. ಬಲಗಡೆ ಎರಡನೇ ಪಟ್ಟಿ ಸೀಳ್ತು. ಮ್ಯಾಲಿಂದು ಗಟ್ಟಿ ಇತ್ತು, ವಿಜಾಪುರ ಮುಟ್ಟಸ್ತೈತಿ ಅಂತ ನನಗ ಅನಿಸ್ತು. ಹೇಳಿದ್ರ ಗೌಡ್ರು ಅಲ್ಲೇ ನಿಲ್ಲಸ್ತಿದ್ರು.”

“ಮುಟ್ಟಸದ ಇದ್ದಿದ್ರ?”

ಅವರು ತಲೆಯ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡರು. ಆ ಮೂರು ದಿನ ಅವರೂ ಅದನ್ನೇ ಕೇಳಿಕೊಳ್ಳುತ್ತಿದ್ದರೆಂದು ಅವರ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಆ ಸುಳ್ಳನ್ನು ನಾನು ಕ್ಷಮಿಸಿದೆನೇ, ಅದಕ್ಕೆ ಋಣಿಯಾದೆನೇ, ಇವತ್ತಿಗೂ ಬಿಡಿಸಿ ಹೇಳಲಾರೆ. ಮಾವನವರಿಗೆ ನಾವಿಬ್ಬರೂ ಅದನ್ನು ಎಂದೂ ಹೇಳಲಿಲ್ಲ.

ತಿಂಗಳ ಮೇಲೆ ಡಾಕ್ಟರಮ್ಮ ಮಗುವನ್ನು ಮನೆಗೆ ಒಯ್ಯಬಹುದು ಅಂದರು. ಹೊರಡುವ ದಿನ ಮಾವನವರು ವಾರ್ಡಿನ ಬಾಗಿಲಲ್ಲಿ ಬಂದು ನಿಂತರು. ಕೆಮ್ಮಲಿಲ್ಲ. ನಾನು ಎದ್ದು ಸೆರಗು ಸರಿಮಾಡಿಕೊಳ್ಳಹೋದೆ, ಕೂಡು ಎಂದು ಕೈಸನ್ನೆ ಮಾಡಿ ತೊಟ್ಟಿಲ ಹತ್ತಿರ ಬಂದರು. ಬಹಳ ಹೊತ್ತು ಬಗ್ಗಿ ನೋಡಿದರು.

“ಇದಕ್ಕ ಮೂಗು ನಿಮ್ಮತ್ತೀದ ಐತಿ” ಅಂದರು. ಆಮೇಲೆ, “ಬಿಸಿಲು ಏರೂದ್ರಾಗ ಹೊರಡೂಣ್ವಾ” ಎಂದು ಕೀಲಿಕೈ ಹಿಡಿದು ಹೊರಗೆ ನಡೆದರು.